ಎರಡೂ ಕಾಗದ ಖರೆ, ನಾಳೆ ಪರೀಕ್ಷೆ ಐತೋ ಇಲ್ಲೋ? ಐದು ಆದೇಶಗಳ ನಡುವೆ ಒಂದು ತಾಲೂಕು

2024ರ ಮಾರ್ಚ್ 6ರಿಂದ ಏಪ್ರಿಲ್ 8ರವರೆಗೆ ಲೆಕ್ಕ ಹಾಕಿದರೆ 34 ದಿನ. ಅಷ್ಟರೊಳಗೆ ಕರ್ನಾಟಕದ 5, 8 ಮತ್ತು 9ನೇ ತರಗತಿಯ ಮಂಡಳಿ (ಬೋರ್ಡ್) ಪರೀಕ್ಷೆ ಬಗ್ಗೆ ಕೋರ್ಟುಗಳಿಂದ ಐದು ಆದೇಶ ಬಂದವು. ಮೊದಲನೆಯದು ಪರೀಕ್ಷೆ ಬೇಡ ಅಂದಿತು. ಎರಡನೆಯದು ಇರಲಿ ಅಂದಿತು. ಮತ್ತೆ ಬೇಡ, ಮತ್ತೆ ಇರಲಿ. ಕೊನೆಗೆ, ಬರೆಸಿದ್ದು ಬರೆಸಿದಿರಿ, ಫಲಿತಾಂಶ ಮಾತ್ರ ಹೇಳಬೇಡಿ ಅಂತ ಬಂತು.

ಪರೀಕ್ಷೆ ಬೇಕಿತ್ತೋ ಬೇಡವಾಗಿತ್ತೋ ಅನ್ನೋ ಚರ್ಚೆ ಇಲ್ಲಿ ಮಾಡುವುದಿಲ್ಲ. ನನಗೆ ಕುತೂಹಲ ಇರುವುದು ಬೇರೆ ಕಡೆ. ಬೆಂಗಳೂರಲ್ಲೋ ದೆಹಲಿಯಲ್ಲೋ ಮಧ್ಯಾಹ್ನ ಆದ ಒಂದು ತೀರ್ಮಾನ ಸಂಜೆಯೊಳಗೆ ಎರೆಹೊಲದ ನಡುವಿನ ಎರಡು ಮಾಸ್ತರರ ಶಾಲೆಗೆ ಹೇಗೆ ಹೋಗಿ ಮುಟ್ಟುತ್ತದೆ? ಮುಟ್ಟಿದ್ದು ಸರಿಯಾಗಿ ಮುಟ್ಟಿತು ಅಂತ ಯಾರಿಗೆ ಗೊತ್ತಾಗುತ್ತದೆ?

ಧಾರವಾಡ ಜಿಲ್ಲೆಯ ಪೂರ್ವದ ಕಡೆಯ ಒಂದು ತಾಲೂಕು ಅಂದುಕೊಳ್ಳಿ. ಹೆಸರು ಬೇಡ. ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಶಾಲೆಗಳಲ್ಲಿ ಆಗುವಂಥ ಸಂಗತಿಗಳನ್ನು ಚರ್ಚೆಗೆ ಅನುಕೂಲ ಆಗಲಿ ಅಂತ ಒಂದೇ ತಾಲೂಕಿಗೆ ಕೂಡಿಸಿ ಕಟ್ಟಿದ್ದೇನೆ. ತಾರೀಖು, ಕೋರ್ಟು, ಸರ್ಕಾರದ ಆದೇಶಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಈ ಕತೆಯ ನಡುವೆ ನಿಂತವರು ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ಒಬ್ಬ ಬಿಆರ್‌ಪಿ, ಅಂದರೆ ಸಂಪನ್ಮೂಲ ವ್ಯಕ್ತಿ. ಪಾಠ, ಮೌಲ್ಯಾಂಕನ, ತರಬೇತಿ, ಪಠ್ಯಪುಸ್ತಕದ ಬದಲಾವಣೆ ಇವೆಲ್ಲ ತಾಲೂಕಿಗೆ ಇಳಿಯುವುದು ಇಂಥವರ ಮೂಲಕ. ಅವರ ಕೆಳಗೆ ಕ್ಲಸ್ಟರ್‌ಗೆ (ಅಕ್ಕಪಕ್ಕದ ಕೆಲವು ಶಾಲೆಗಳ ಗುಂಪಿಗೆ) ಒಬ್ಬರಂತೆ ಸಿಆರ್‌ಪಿಗಳು, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು, ಅವರ ಕೈಕೆಳಗಿನ ಶಾಲೆಗಳ ಮುಖ್ಯ ಶಿಕ್ಷಕರು. ಮೇಲೆ ತಾಲೂಕಿನ ಶಿಕ್ಷಣಾಧಿಕಾರಿ ಬಿಇಒ, ಜಿಲ್ಲೆಯಲ್ಲಿ ಇಲಾಖೆಯ ಉಪನಿರ್ದೇಶಕರಾದ ಡಿಡಿಪಿಐ, ಅದರ ಮೇಲೆ ಧಾರವಾಡದಲ್ಲೇ ಇರುವ ಅಪರ ಆಯುಕ್ತರ ಕಚೇರಿ. ಬೆಳಗಾವಿ ವಿಭಾಗಕ್ಕೆಲ್ಲ ಅದೇ. ಇದು ಆಡಳಿತದ ದಾರಿ.

ಪಾಠದ ದಾರಿ ಬೇರೆ. ಪಠ್ಯ, ತರಬೇತಿ ನೋಡಿಕೊಳ್ಳುವ ರಾಜ್ಯ ಸಂಸ್ಥೆ ಡಿಎಸ್‌ಇಆರ್‌ಟಿಯಿಂದ ಜಿಲ್ಲೆಯ ಶಿಕ್ಷಕ ತರಬೇತಿ ಸಂಸ್ಥೆ ಡಯಟ್‌ಗೆ, ಡಯಟ್‌ನಿಂದ ಬಿಆರ್‌ಸಿಗೆ. ಪರೀಕ್ಷೆಯ ವಿಷಯ ಬಂದರೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಮೂರನೆಯ ದಾರಿ. ಮೂರೂ ದಾರಿ ಬಂದು ಸೇರುವುದು ಅದೇ ಬಿಆರ್‌ಪಿಯ ಮೊಬೈಲ್‌ನಲ್ಲಿ. ಟಿವಿ, ಸಂಘದ ವಾಟ್ಸಾಪ್ ಗುಂಪುಗಳು, ಯಾರೋ ಕಳಿಸಿದ ಸ್ಕ್ರೀನ್‌ಶಾಟ್ ಇವು ನಾಲ್ಕನೆಯದು. ಎಲ್ಲಕ್ಕಿಂತ ಮೊದಲು ಬರುವುದೂ ಇವೇ.

ಈಗ ಮಾರ್ಚ್ ತಿಂಗಳ ಕ್ಯಾಲೆಂಡರ್ ನೋಡಿ. ಇಡೀ ಗೊಂದಲದ ಅರ್ಧ ಅಲ್ಲೇ ಇದೆ.

6ನೇ ತಾರೀಖು ಬುಧವಾರ. ಹೈಕೋರ್ಟಿನ ಏಕಸದಸ್ಯ (ಒಬ್ಬರೇ ನ್ಯಾಯಮೂರ್ತಿಗಳ) ಪೀಠ ಪರೀಕ್ಷೆಯ ಅಧಿಸೂಚನೆಗಳನ್ನು ರದ್ದು ಮಾಡಿತು. ಶಿಕ್ಷಣ ಕಾಯ್ದೆಯಲ್ಲಿ ಹೇಳಿದ ಕ್ರಮದಂತೆ ನಿಯಮ ಮಾಡದೆ ಪರೀಕ್ಷೆ ತಂದಿದ್ದಾರೆ ಅನ್ನೋದು ಖಾಸಗಿ ಶಾಲೆಗಳ ಸಂಘಗಳ ತಕರಾರಾಗಿತ್ತು. 7ನೇ ತಾರೀಖು ಗುರುವಾರ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. ಅಂದರೆ ಪರೀಕ್ಷೆ ಇದೆ. 8 ಶುಕ್ರವಾರ, ಶಿವರಾತ್ರಿ. 9 ಎರಡನೇ ಶನಿವಾರ, ಕಚೇರಿಗೆ ರಜೆ. 10 ಭಾನುವಾರ. 11 ಸೋಮವಾರ ಮೊದಲ ಪತ್ರಿಕೆ.

ರದ್ದಾದ ಸುದ್ದಿ ಕಚೇರಿ ತೆರೆದಿದ್ದಾಗ ಬಂತು. ರದ್ದಾಗಿಲ್ಲ ಅನ್ನೋ ಸುದ್ದಿ ಹಬ್ಬದ ಹಿಂದಿನ ಸಂಜೆ ಬಂತು, ಮುಂದೆ ಮೂರು ದಿನ ಕೇಳೋಣ ಅಂದರೆ ಕಚೇರಿಯಲ್ಲಿ ಯಾರೂ ಇಲ್ಲ.

ಹುಬ್ಬಳ್ಳಿ ಸುತ್ತಮುತ್ತ ಶಿವರಾತ್ರಿ ಅಂದರೆ ಸಿದ್ಧಾರೂಢರ ಜಾತ್ರೆ. ಹಬ್ಬದ ಮರುದಿನ ತೇರು. ಟ್ರ್ಯಾಕ್ಟರ್ ಮಾಡಿಕೊಂಡು ಊರಿಗೆ ಊರೇ ಹೊರಡುತ್ತದೆ. ಒಂದು ಶಾಲೆಯಲ್ಲಿ ಗುರುವಾರ ಬೆಳಿಗ್ಗೆ ಪ್ರಾರ್ಥನೆ ವೇಳೆಯಲ್ಲೇ "ಪರೀಕ್ಷೆ ರದ್ದಾಗೇತಿ" ಅಂತ ಹೇಳಿಬಿಟ್ಟಿದ್ದರು. ಹಿಂದಿನ ರಾತ್ರಿ ಟಿವಿಯಲ್ಲಿ ಬಂದಿತ್ತು, ಸುಳ್ಳೇನಲ್ಲ. ಮಕ್ಕಳು ಖುಷಿಯಿಂದ ಮನೆಗೆ ಹೋದರು. ಕೆಲವರು ಜಾತ್ರೆ ಮುಗಿಸಿಕೊಂಡು ಅಲ್ಲಿಂದಲೇ ಅಜ್ಜಿ ಊರಿಗೆ ಹೋದರು. ಸೋಮವಾರ ಬೆಳಿಗ್ಗೆ ಪ್ರಶ್ನೆಪತ್ರಿಕೆಯ ಬಂಡಲ್ ಬಂತು, ಐದನೇ ತರಗತಿಯ ಬೆಂಚುಗಳು ಅಲ್ಲಲ್ಲಿ ಖಾಲಿ. ಮಾಸ್ತರು ಬೈಕ್ ತೆಗೆದುಕೊಂಡು ಮನೆ ಮನೆಗೆ ಹೋದರು.

ಅದೇ ಭಾನುವಾರ ಸಂಜೆ ಒಬ್ಬ ಸಿಆರ್‌ಪಿ ಅಕ್ಕಾರು ನಮ್ಮ ಬಿಆರ್‌ಪಿಗೆ ಫೋನ್ ಮಾಡಿದ್ದರು. "ಸರ, ನನ್ನ ಕಡೆ ಎರಡು ಪಿಡಿಎಫ್ ಅದಾವ್ರಿ. ಎರಡರಾಗೂ ಸೀಲ್ ಐತಿ, ಸಹಿ ಐತಿ. ಯಾವ್ದು ಖರೆ?"

"ಎರಡೂ ಖರೇನ ರೀ ಅಕ್ಕಾರ. ಒಂದು ಬುಧವಾರದ ಖರೆ, ಒಂದು ಗುರುವಾರದ ಖರೆ."

ನನ್ನ ಮಟ್ಟಿಗೆ ಇಡೀ ಪ್ರಕರಣ ಈ ಎರಡು ಸಾಲಿನಲ್ಲಿದೆ. ಇಲಾಖೆಯ ಯಾವ ಸಭೆಗೆ ಹೋದರೂ "ಮಾಹಿತಿ ಕೆಳಗೆ ಮುಟ್ಟುವುದಿಲ್ಲ" ಅನ್ನೋ ದೂರು ಕೇಳುತ್ತೇವೆ. ಹತ್ತು ವರ್ಷದ ಹಿಂದೆ ಅದು ನಿಜ ಇರಬಹುದು. ಈಗ ಮಾಹಿತಿ ಮುಟ್ಟುತ್ತದೆ, ಬೇಕಾದ್ದಕ್ಕಿಂತ ಜಾಸ್ತಿಯೇ ಮುಟ್ಟುತ್ತದೆ. ಮುಟ್ಟದೆ ಉಳಿಯುವುದು ಬೇರೆ: ಹಿಂದೆ ಕಳಿಸಿದ ಯಾವ ಕಾಗದ ಇವತ್ತು ನಡೆಯುವುದಿಲ್ಲ ಅನ್ನೋದು. ಹೊಸ ಆದೇಶ ಬಂತು ಅಂತ ಎಲ್ಲರೂ ಕಳಿಸುತ್ತಾರೆ. ಹಳೆಯದು ಹೋಯಿತು ಅಂತ ಯಾರೂ ಕಳಿಸುವುದಿಲ್ಲ. ಅದು ಗುಂಪಿನಲ್ಲಿ ಮೇಲಕ್ಕೆ ಸರಿದು ಅಲ್ಲೇ ಇರುತ್ತದೆ. ಹುಡುಕಿದವರಿಗೆ ಸಿಗುತ್ತದೆ, ಸೀಲ್ ಸಮೇತ.

ಈ ತಾಲೂಕಿಗೆ ಇದು ಹೊಸದೂ ಆಗಿರಲಿಲ್ಲ. ಹಿಂದಿನ ವರ್ಷ, 2023ರ ಮಾರ್ಚ್ 10ಕ್ಕೆ, 5 ಮತ್ತು 8ನೇ ತರಗತಿ ಪರೀಕ್ಷೆಯ ಸುತ್ತೋಲೆಗಳನ್ನು ಹೈಕೋರ್ಟು ರದ್ದು ಮಾಡಿತ್ತು. ಮಾರ್ಚ್ 15ಕ್ಕೆ ವಿಭಾಗೀಯ ಪೀಠ ಪರೀಕ್ಷೆಗೆ ಒಪ್ಪಿತು, 27ರಿಂದ ಪರೀಕ್ಷೆ ನಡೆಯಿತು. ಆಗ ನಡುವೆ ಸಮಯ ಇತ್ತು, ಹೇಗೋ ನಡೆದುಹೋಯಿತು.

ಅದೇ ವರ್ಷ ಜೂನ್‌ನಲ್ಲಿ ಪಠ್ಯಪುಸ್ತಕ. 6ರಿಂದ 10ನೇ ತರಗತಿಯ ಕನ್ನಡ ಮತ್ತು ಸಮಾಜ ವಿಜ್ಞಾನ ಪುಸ್ತಕಗಳಲ್ಲಿ ಕೆಲವು ಪಾಠ ಕೈಬಿಡಲು, ಕೆಲವು ಸೇರಿಸಲು ಸರ್ಕಾರ ತೀರ್ಮಾನ ಮಾಡಿತು. ಪುಸ್ತಕ ಆಗಲೇ ಅಚ್ಚಾಗಿ ಮಕ್ಕಳ ಚೀಲ ಸೇರಿತ್ತು. ಹಾಗಾಗಿ ಪುಸ್ತಕ ವಾಪಸ್ ತೆಗೆದುಕೊಳ್ಳಲಿಲ್ಲ, ಪೂರಕ ಪಠ್ಯ ಕೊಟ್ಟರು. ಕೈಬಿಟ್ಟ ಪಾಠ ಪುಸ್ತಕದಲ್ಲೇ ಇದೆ, ಸೇರಿಸಿದ ಪಾಠ ಬೇರೆ ಹಾಳೆಯಲ್ಲಿದೆ. ತಾಲೂಕಿನ ಒಂದು ಕ್ಲಸ್ಟರ್‌ನಲ್ಲಿ ಮೊದಲ ರೂಪಣಾತ್ಮಕ ಮೌಲ್ಯಾಂಕನದ (ವರ್ಷದ ನಡುವೆ ನಡೆಯುವ ಸಣ್ಣ ಪರೀಕ್ಷೆಯ) ಪ್ರಶ್ನೆಪತ್ರಿಕೆ ಮಾಡಿದ ಶಿಕ್ಷಕರು ಕೈಬಿಟ್ಟ ಪಾಠದಿಂದ ಒಂದು ಪ್ರಶ್ನೆ ಹಾಕಿದ್ದರು. ಅವರಿಗೆ ಸುತ್ತೋಲೆ ಹೋಗಿತ್ತು, ಅವರು ಓದಿಯೂ ಇದ್ದರು. ಆದರೆ ಪ್ರಶ್ನೆ ಹಾಕಲು ಕೂತಾಗ ಕೈಯಲ್ಲಿ ಇದ್ದದ್ದು ಪುಸ್ತಕ.

ಆ ಪುಸ್ತಕದ ಪುಟದ ಮೇಲೆ ಪೆನ್ಸಿಲ್‌ನಲ್ಲಿ ಒಂದು ಅಡ್ಡಗೆರೆ ಎಳೆಸಿದ್ದರೆ ಮುಗಿದುಹೋಗುತ್ತಿತ್ತು. ಆಗ ಯಾರಿಗೂ ಹೊಳೆಯಲಿಲ್ಲ.

2024ಕ್ಕೆ ಬರೋಣ. ಮಾರ್ಚ್ 11 ಮತ್ತು 12ಕ್ಕೆ ಎರಡು ಭಾಷಾ ಪತ್ರಿಕೆ ಮುಗಿದವು. 12ರಂದೇ ಸುಪ್ರೀಂ ಕೋರ್ಟು ವಿಭಾಗೀಯ ಪೀಠದ ಮಧ್ಯಂತರ ಆದೇಶವನ್ನು ತೆಗೆದುಹಾಕಿತು. ಮರುದಿನದ ಪತ್ರಿಕೆ ನಿಂತಿತು. ಬಿಆರ್‌ಪಿಗೆ ಈ ಸುದ್ದಿ ಮೊದಲು ಹೇಳಿದ್ದು ಯಾರು ಗೊತ್ತಾ? ತಾಲೂಕು ಕೇಂದ್ರದ ಒಂದು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯ ಮುಖ್ಯಸ್ಥರು. "ಸರ, ನಾಳೆ ಪೇಪರ್ ಇಲ್ಲ, ನೋಡ್ಕೊಳ್ರಿ" ಅಂದರು. ಕೇಸ್ ಹಾಕಿದ್ದೇ ಖಾಸಗಿ ಶಾಲೆಗಳ ಸಂಘಗಳು, ಅವರ ಗುಂಪಿಗೆ ವಕೀಲರಿಂದ ನೇರ ಸುದ್ದಿ. ಸರ್ಕಾರಿ ಶಾಲೆಗೆ ಅದು ಬೆಂಗಳೂರು, ಧಾರವಾಡ, ಜಿಲ್ಲೆ, ತಾಲೂಕು ಅಂತ ಮೆಟ್ಟಿಲು ಇಳಿದು ಬರಬೇಕು.

ಅವತ್ತು ಸಂಜೆ ಬಿಆರ್‌ಪಿ ಮಾಡಿದ ಕೆಲಸ ಸಣ್ಣದು. ಸಿಆರ್‌ಪಿಗಳ ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿದರು. ಬೈದವರು ಇದ್ದರು, "ನಮ್ಮ ಬಾಯಿ ಮುಚ್ಚಿಸ್ಯಾರ" ಅಂತ. ಆಮೇಲೆ ಸುತ್ತೋಲೆಯನ್ನು ಹಾಗೇ ದಾಟಿಸುವ ಬದಲು ತಾವೇ ಒಂದು ಸಣ್ಣ ಒಕ್ಕಣೆ ಬರೆದರು. ತಲೆಬರಹ "ಸ್ಥಿತಿ 1". ಕೆಳಗೆ ತಾರೀಖು, ಗಂಟೆ. ಪರೀಕ್ಷೆ ಸದ್ಯ ನಿಂತಿದೆ ಅನ್ನೋದು ಒಂದು ಸಾಲು. ಉಳಿದ ಪತ್ರಿಕೆಗಳ ಹಳೆಯ ವೇಳಾಪಟ್ಟಿ ಇನ್ನು ನಡೆಯುವುದಿಲ್ಲ, ಗೋಡೆಗೆ ಅಂಟಿಸಿದ್ದರೆ ತೆಗೆಯಿರಿ ಅನ್ನೋದು ಇನ್ನೊಂದು ಸಾಲು. ಮಕ್ಕಳಿಗೆ "ರದ್ದು" ಅನ್ನಬೇಡಿ, "ಮುಂದಕ್ಕೆ ಹೋಗಿದೆ" ಅನ್ನಿ. ಬರೆದ ಉತ್ತರಪತ್ರಿಕೆ ಕಟ್ಟಿ ಇಡಿ.

ಮುಂದಿನ ದಿನಗಳಲ್ಲಿ ದಿನಾ ಸಂಜೆ ಏಳಕ್ಕೆ ಒಂದು ಸಾಲು ಬರುತ್ತಿತ್ತು: "ಸ್ಥಿತಿ 1 ಹಾಗೇ ಇದೆ. ಬದಲಾವಣೆ ಇಲ್ಲ." ಏನೂ ಇಲ್ಲದಿದ್ದರೆ ಯಾಕೆ ಬರೆಯಬೇಕು ಅಂತ ಕೆಲವರು ನಕ್ಕರು. ನನಗೆ ಕೇಳಿದರೆ ಇಡೀ ಪದ್ಧತಿಯ ಜೀವ ಈ ಸಾಲಿನಲ್ಲಿದೆ. ಏನೂ ಬಂದಿಲ್ಲ ಅಂದರೆ ಏನೂ ಆಗಿಲ್ಲವೋ, ಬಂದದ್ದು ನನಗೆ ಮುಟ್ಟಿಲ್ಲವೋ ಅನ್ನೋ ಅನುಮಾನದಿಂದಲೇ ಮುಖ್ಯ ಶಿಕ್ಷಕರು ರಾತ್ರಿ ಹತ್ತಕ್ಕೆ ಟಿವಿ ಮುಂದೆ ಕೂರುತ್ತಾರೆ. ಆ ಅನುಮಾನ ಹೋದರೆ ಅರ್ಧ ಫೋನ್ ಕರೆ ತಾನಾಗಿ ನಿಲ್ಲುತ್ತವೆ.

22ನೇ ತಾರೀಖು ಶುಕ್ರವಾರ ಹೈಕೋರ್ಟಿನ ವಿಭಾಗೀಯ ಪೀಠ ಸರ್ಕಾರದ ಮೇಲ್ಮನವಿ ಒಪ್ಪಿತು. ಉಳಿದ ಪರೀಕ್ಷೆ ನಡೆಸಬಹುದು. 23 ನಾಲ್ಕನೇ ಶನಿವಾರ, 24 ಭಾನುವಾರ, 25 ಸೋಮವಾರ ಪರೀಕ್ಷೆ. ಮತ್ತೆ ಅದೇ ಕತೆ, ಕಚೇರಿಗೆ ಬೀಗ. ಸಾಲದು ಅಂತ 25ಕ್ಕೇ ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಶುರು. ಅಷ್ಟರಲ್ಲಿ ಲೋಕಸಭಾ ಚುನಾವಣೆ ಘೋಷಣೆಯಾಗಿ ಶಿಕ್ಷಕರಿಗೆ ಆ ಕೆಲಸವೂ ಬಂದಿತ್ತು.

ಶನಿವಾರ ಹೋದ "ಸ್ಥಿತಿ 2" ಹೆಚ್ಚುಕಡಿಮೆ ಹೀಗಿತ್ತು:

"ಸ್ಥಿತಿ 2. ಶನಿವಾರ, 23.03.2024. ಸ್ಥಿತಿ 1 ಇಲ್ಲಿಗೆ ಮುಗಿಯಿತು, ಅಳಿಸಿ. ಪರೀಕ್ಷೆ ಇದೆ. 5ನೇ ತರಗತಿ: ಸೋಮವಾರ, ಮಂಗಳವಾರ. 8 ಮತ್ತು 9: ಸೋಮವಾರದಿಂದ ಗುರುವಾರ. ಮುಗಿದಿರುವ ಎರಡು ಭಾಷಾ ಪತ್ರಿಕೆ ಮತ್ತೆ ಬರೆಸುವುದಿಲ್ಲ. ಮಕ್ಕಳ ಮನೆಗೆ ಇವತ್ತೇ ತಿಳಿಸಿ. ಎಸ್ಸೆಸ್ಸೆಲ್ಸಿ ಕೆಲಸಕ್ಕೆ ಹಾಕಿದ ಶಿಕ್ಷಕರ ಹೆಸರು ಸಿಆರ್‌ಪಿಗೆ ಕೊಡಿ. ಓದಿದ ಮೇಲೆ ಇದಕ್ಕೆ ಉತ್ತರ ಬರೆಯಿರಿ: ಸೋಮವಾರ ನಿಮ್ಮ ಶಾಲೆಯಲ್ಲಿ ಯಾವ ತರಗತಿ, ಯಾವ ವಿಷಯ?"

ಕೊನೆಯ ಪ್ರಶ್ನೆ ಗಮನಿಸಿ. ನಮ್ಮ ಗುಂಪುಗಳಲ್ಲಿ ಏನು ಹಾಕಿದರೂ ಹೆಬ್ಬೆರಳು ಬರುತ್ತದೆ, ಎರಡು ಕೈ ಮುಗಿದ ಚಿತ್ರ ಬರುತ್ತದೆ, "ಸರಿ ಸರ್" ಬರುತ್ತದೆ. ಓದದೆಯೂ ಇದನ್ನೆಲ್ಲ ಒತ್ತಬಹುದು. ಪ್ರಶ್ನೆಗೆ ಉತ್ತರ ಬರೆಯಲು ಮಾತ್ರ ಓದಲೇಬೇಕು. ಒಬ್ಬ ಮುಖ್ಯ ಶಿಕ್ಷಕರು 5ನೇ ತರಗತಿಗೆ ಸೋಮವಾರ ಗಣಿತ ಅಂತ ಬರೆದರು. ಅವತ್ತು ಇದ್ದದ್ದು ಪರಿಸರ ಅಧ್ಯಯನ. ಸಿಆರ್‌ಪಿ ಅಕ್ಕಾರು ಆಗಲೇ ಫೋನ್ ಮಾಡಿ ಸರಿ ಮಾಡಿದರು. ಇನ್ನಿಬ್ಬರು ಉತ್ತರವನ್ನೇ ಕೊಡಲಿಲ್ಲ. ಒಬ್ಬರದು ನೆಟ್‌ವರ್ಕ್ ಸಿಗದ ಊರು, ಅಲ್ಲಿಗೆ ಪಕ್ಕದ ಊರಿನ ಮಾಸ್ತರು ಹೋಗಿ ಹೇಳಿ ಬಂದರು. ಇನ್ನೊಬ್ಬರು ಮಗಳ ಮದುವೆ ಮಾತುಕತೆಗೆ ಹೋಗಿದ್ದರು. ಸಹ ಶಿಕ್ಷಕಿಗೆ ಜವಾಬ್ದಾರಿ ಹೋಯಿತು. ಹೆಬ್ಬೆರಳನ್ನು ನಂಬಿ ಕೂತಿದ್ದರೆ ಈ ಮೂರೂ ಸೋಮವಾರ ಬೆಳಿಗ್ಗೆಯೇ ಗೊತ್ತಾಗುತ್ತಿದ್ದವು.

ಸೋಮವಾರ ತಾಲೂಕಿನಲ್ಲಿ ಹೇಳಿಕೊಳ್ಳುವಂಥ ಗೊಂದಲ ಏನೂ ಆಗಲಿಲ್ಲ.

ಆದರೆ ಎಲ್ಲ ಸರಿಹೋಯಿತು ಅನ್ನುವ ಹಾಗೂ ಇಲ್ಲ. ಏಪ್ರಿಲ್ 8, ಸೋಮವಾರ, ಯುಗಾದಿಯ ಹಿಂದಿನ ದಿನ. ಉತ್ತರಪತ್ರಿಕೆ ತಿದ್ದಿ ಆಗಿತ್ತು, ಅಂಕ ತುಂಬಿ ಆಗಿತ್ತು. ಅವತ್ತು ಸುಪ್ರೀಂ ಕೋರ್ಟು ಹೈಕೋರ್ಟಿನ 22ರ ಆದೇಶಕ್ಕೆ ತಡೆ ಕೊಟ್ಟಿತು. ಯಾವುದೇ ಶಾಲೆ ಫಲಿತಾಂಶ ಹೇಳಿದ್ದರೂ ಅದನ್ನು ತಡೆಹಿಡಿಯಬೇಕು, ಯಾವ ಉದ್ದೇಶಕ್ಕೂ ಬಳಸಬಾರದು, ಪಾಲಕರಿಗೆ ತಿಳಿಸಬಾರದು ಅಂದಿತು.

"ಸ್ಥಿತಿ 3" ಬೇಗನೇ ಹೋಯಿತು, ಚೆನ್ನಾಗಿಯೇ ಬರೆದಿದ್ದರು. ಪ್ರಯೋಜನ ಅರ್ಧ ಮಾತ್ರ. ಕೆಲವು ಶಾಲೆಗಳಲ್ಲಿ ಬೆಳಿಗ್ಗೆಯೇ ಪಟ್ಟಿ ಹಚ್ಚಿದ್ದರು. ಪಟ್ಟಿ ಕಿತ್ತರು, ಆದರೆ ತಾಯಂದಿರು ಅಷ್ಟರಲ್ಲಿ ಮೊಬೈಲ್‌ನಲ್ಲಿ ಫೋಟೋ ಹೊಡೆದುಕೊಂಡಿದ್ದರು. ಒಬ್ಬ ತಂದೆ ಮಾರನೇ ವಾರವೂ ಶಾಲೆಗೆ ಬಂದು, "ನನ್ನ ಮಗಳಿಗೆ ಇಷ್ಟ ಅಂಕ ಬಂದಾವ, ನೀವು ಬಂದಿಲ್ಲ ಅಂತೀರಿ" ಅಂತ ಜಗಳ ತೆಗೆದರು. ಅವರದು ತಪ್ಪಾ? ಶಾಲೆಯದು ತಪ್ಪಾ? ಹೇಳಿಬಿಟ್ಟ ಸುದ್ದಿಯನ್ನು ವಾಪಸ್ ಪಡೆಯುವ ಸುತ್ತೋಲೆ ಯಾವ ಕಚೇರಿಯಿಂದಲೂ ಬರುವುದಿಲ್ಲ. ಈ ಮಟ್ಟದ ಏರಿಳಿತಕ್ಕೆ ತಾಲೂಕಿನಲ್ಲಿ ಯಾವ ಜಾಣತನವೂ ಸಾಲದು, ಅದನ್ನು ಸುಮ್ನೆ ಒಪ್ಪಿಕೊಳ್ಳಬೇಕು.

ಕಚೇರಿ ಒಳಗಿನ ತಕರಾರು ಬೇರೆ. ಬಿಇಒ ಕಚೇರಿಯ ಹಿರಿಯ ಸೂಪರಿಂಟೆಂಡೆಂಟ್ ಒಬ್ಬರು ಈ ಒಕ್ಕಣೆ ನೋಡಿ ಮುಖ ಸಿಂಡರಿಸಿದರು. ಬಿಆರ್‌ಪಿ ಅಂದರೆ ಆದೇಶ ಹೊರಡಿಸುವವರಲ್ಲ. ಅವರು ತಮ್ಮ ಮಾತಿನಲ್ಲಿ ಬರೆದದ್ದರಲ್ಲಿ ಒಂದು ತಾರೀಖು ತಪ್ಪಾದರೆ ನೋಟಿಸ್ ಯಾರಿಗೆ? ಈ ಪ್ರಶ್ನೆಯಲ್ಲಿ ಹುರುಳಿದೆ. ಮೂಲ ಸುತ್ತೋಲೆಯನ್ನು ದಾಟಿಸುವವರು ತಪ್ಪಿಗೆ ಸಿಗುವುದಿಲ್ಲ, ಅರ್ಥ ಮಾಡಿಸುವವರು ಸಿಗುತ್ತಾರೆ. ಹಾಗಾಗಿಯೇ ಎಲ್ಲರೂ ದಾಟಿಸುತ್ತಾರೆ. ಕೊನೆಗೆ ರಾಜಿ ಆದದ್ದು ಹೀಗೆ: ಪ್ರತಿ ಸ್ಥಿತಿಯ ಕೆಳಗೆ ಮೂಲ ಸುತ್ತೋಲೆಯ ಸಂಖ್ಯೆ, ದಿನಾಂಕ ಇರಬೇಕು. ಕಳಿಸುವ ಮೊದಲು ಬಿಇಒ ಅವರಿಗೆ ತೋರಿಸಿ "ಓಕೆ" ಪಡೆಯಬೇಕು. ಒಕ್ಕಣೆಗೂ ಸುತ್ತೋಲೆಗೂ ವ್ಯತ್ಯಾಸ ಕಂಡರೆ ಸುತ್ತೋಲೆಯೇ ನಡೆಯುತ್ತದೆ ಅನ್ನೋ ಸಾಲು ಕೊನೆಗೆ ಸೇರಿತು. ಸೂಪರಿಂಟೆಂಡೆಂಟರೇ ಆಮೇಲೆ ಸುತ್ತೋಲೆ ಸಂಖ್ಯೆ ಹುಡುಕಿ ಕೊಡುವ ಕೆಲಸ ವಹಿಸಿಕೊಂಡರು. ಅದರಲ್ಲಿ ಅವರಷ್ಟು ಪಳಗಿದವರು ತಾಲೂಕಿನಲ್ಲಿ ಯಾರೂ ಇರಲಿಲ್ಲ.

ದೊಡ್ಡ ದೋಷ ಅಂದರೆ ಇಡೀ ವ್ಯವಸ್ಥೆ ಒಬ್ಬರ ಹೆಗಲ ಮೇಲಿತ್ತು. ಈ ಭಾಗದ ಮತದಾನ ಮೇ 7ಕ್ಕೆ. ಬಿಆರ್‌ಪಿ ಚುನಾವಣಾ ತರಬೇತಿಗೆ ಹೋದ ಮೇಲೆ ಸಂಜೆಯ ಸಾಲು ನಿಂತುಹೋಯಿತು. ಶಾಲೆಗೆ ಬೇಸಿಗೆ ರಜೆ ಇದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ. ಅಕ್ಟೋಬರ್‌ನಲ್ಲಿ ಗೊತ್ತಾಯಿತು. ಆಗ 8, 9, 10ನೇ ತರಗತಿಯ ಅರ್ಧವಾರ್ಷಿಕ ಮಂಡಳಿ ಪರೀಕ್ಷೆಯ ಫಲಿತಾಂಶಕ್ಕೂ ಸುಪ್ರೀಂ ಕೋರ್ಟು ತಡೆ ಹಾಕಿತು. ತಾಲೂಕಿನಲ್ಲಿ ಮತ್ತೆ ಎರಡು ಪಿಡಿಎಫ್, ಮತ್ತೆ "ಯಾವ್ದು ಖರೆ". ಆಮೇಲೆ ಇಬ್ಬರು ಸಿಆರ್‌ಪಿಗಳಿಗೆ ಒಕ್ಕಣೆ ಬರೆಯುವುದನ್ನು ಕಲಿಸಿದರು, ವಾರಕ್ಕೊಬ್ಬರ ಪಾಳಿ. ಒಬ್ಬರು ತುಂಬಾ ಉದ್ದ ಬರೆಯುತ್ತಾರೆ ಅನ್ನೋದು ಬಿಟ್ಟರೆ ನಡೆಯುತ್ತಿದೆ.

2025ರ ಏಪ್ರಿಲ್‌ನಲ್ಲಿ ಒಕ್ಕಣೆಗೆ ಇನ್ನೊಂದು ಸಾಲು ಸೇರಿತು. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅಂತ 2022ರಲ್ಲೇ ಆದೇಶ ಆಗಿತ್ತು. ಅದು ಜಾರಿಗೆ ಬರುವುದು 2025-26ರಿಂದ ಅಂತ ಆಮೇಲೆ ತಿದ್ದಿದರು. 2025-26 ಬಾಗಿಲಿಗೆ ಬಂದಾಗ, ಯುಕೆಜಿ ಮುಗಿಸಿದ ಮಕ್ಕಳಿಗೆ ಆ ಒಂದು ವರ್ಷಕ್ಕೆ ಮಾತ್ರ 5 ವರ್ಷ 5 ತಿಂಗಳು ಸಾಕು ಅಂತ ಸಡಿಲ ಮಾಡಿದರು. ಮೂರು ಆದೇಶ, ಯಾವುದೂ ಸುಳ್ಳಲ್ಲ. ಪಾಲಕರು ಯಾವುದನ್ನು ಬೇಕಾದರೂ ಮೊಬೈಲ್‌ನಲ್ಲಿ ತೋರಿಸಬಹುದು. ಸಿಆರ್‌ಪಿ ಅಕ್ಕಾರು ಒಕ್ಕಣೆಯಲ್ಲಿ ವರ್ಷ, ತಿಂಗಳ ಲೆಕ್ಕ ಬಿಟ್ಟು ನೇರವಾಗಿ ಬರೆದರು: "2020ರ ಜನವರಿ 1 ಅಥವಾ ಅದಕ್ಕೂ ಮೊದಲು ಹುಟ್ಟಿದ, ಯುಕೆಜಿ ಮುಗಿಸಿದ ಮಗು ಆಗಬಹುದು." ಕೆಳಗೆ ಹೊಸ ಸಾಲು: "ಎಲ್ಲಿಯವರೆಗೆ: 2025-26 ಮಾತ್ರ." ಮುಖ್ಯ ಶಿಕ್ಷಕರು ಜನನ ಪ್ರಮಾಣಪತ್ರ ನೋಡಿದರೆ ಸಾಕು, ಬೆರಳು ಮಡಿಸಿ ಎಣಿಸಬೇಕಿಲ್ಲ.

ಮೇಲಿನ ಕಚೇರಿಗಳಿಂದ ನಾನು ಬಯಸುವುದು ಜಾಸ್ತಿ ಏನಿಲ್ಲ. ಹೊಸ ಸುತ್ತೋಲೆಯ ಮೊದಲ ಸಾಲಿನಲ್ಲೇ, ಉಲ್ಲೇಖಗಳ ಪಟ್ಟಿಗಿಂತ ಮೇಲೆ, ಇದು ಯಾವುದನ್ನು ಹಿಂದಕ್ಕೆ ಪಡೆಯುತ್ತದೆ ಅಂತ ಬರೆದರೆ ತಾಲೂಕಿನ ಈ ಕೆಲಸದಲ್ಲಿ ಅರ್ಧ ಕಡಿಮೆ ಆಗುತ್ತದೆ. ಈಗ ಅದು ಎರಡನೇ ಪುಟದಲ್ಲಿ "ಭಾಗಶಃ ಮಾರ್ಪಡಿಸಿ" ಅನ್ನೋ ಎರಡು ಪದದೊಳಗೆ ಅಡಗಿರುತ್ತದೆ. ಯಾವ ಭಾಗ, ಯಾವ ತರಗತಿಗೆ ಅನ್ನೋದನ್ನು ಓದುವವರೇ ಹಳೆಯ ಕಾಗದ ಪಕ್ಕಕ್ಕಿಟ್ಟು ಹೊಂದಿಸಿಕೊಳ್ಳಬೇಕು.

ಖಾಸಗಿ ಶಾಲೆಗಳ ವಿಷಯ ತಾಲೂಕಿನಲ್ಲಿ ಇನ್ನೂ ಬಗೆಹರಿದಿಲ್ಲ. ಅವರು ಸಿಆರ್‌ಪಿ ಗುಂಪಿನಲ್ಲಿಲ್ಲ. ಸೇರಿಸೋಣ ಅಂದಾಗ, ಇಲಾಖೆ ಮೇಲೆ ಕೇಸ್ ಹಾಕಿದವರನ್ನು ಇಲಾಖೆಯ ಗುಂಪಿಗೆ ಯಾಕೆ ಅಂತ ಸಭೆಯಲ್ಲಿ ಒಬ್ಬರು ಕೇಳಿದರು, ಮಾತು ಅಲ್ಲಿಗೇ ನಿಂತಿತು. ಸದ್ಯಕ್ಕೆ ಬಿಆರ್‌ಪಿ ಪ್ರತಿ ಸ್ಥಿತಿಯನ್ನು ಆ ಇಂಗ್ಲಿಷ್ ಮಾಧ್ಯಮ ಶಾಲೆಯ ಮುಖ್ಯಸ್ಥರಿಗೆ ಬೇರೆಯಾಗಿ ಕಳಿಸುತ್ತಾರೆ, ಅವರು ಉಳಿದ ಖಾಸಗಿ ಶಾಲೆಗಳಿಗೆ ದಾಟಿಸುತ್ತಾರೆ. ಬದಲಿಗೆ ಅವರ ಸಂಘದ ಗುಂಪಿನಲ್ಲಿ ಕೋರ್ಟಿನ ಸುದ್ದಿ ಏನಾದರೂ ಬಂದರೆ ಮೊದಲ ಫೋನ್ ಇವರಿಗೆ.